ಎಡಿ ಹೊಡೆಯುವಾಗ ಸಿಕ್ಕ ನವಿಲಿನ ಗೂಡು: ಒಂದು ಪ್ರಕರಣ

ಹೋದ ವರ್ಷ ನಮ್ಮ ಹೆಸರುಕಾಳಿನ ಹೊಲದ ಬದುವಿನಲ್ಲಿ ಎರಡು ಸಲ ನವಿಲಿನ ಗೂಡು ಸಿಕ್ಕಿತು. ಮೊದಲನೆಯದು ಆರೇ ದಿನದಲ್ಲಿ ಹಾಳಾಯಿತು. ಅದು ನನ್ನಿಂದಲೇ ಆಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಎರಡನೆಯದರಿಂದ ನಾಲ್ಕು ಮರಿ ಎದ್ದವು. ಈ ಎರಡರ ಕಥೆಯನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ಹೊಲದಲ್ಲಿ ಇಂಥ ಗೂಡು ಸಿಕ್ಕಾಗ ಏನು ಮಾಡಬೇಕು ಅಂತ ಗೊತ್ತಿಲ್ಲದೆ ಒದ್ದಾಡುವವರು ನಾವೊಬ್ಬರೇ ಅಲ್ಲ.

ಊರು ಸವದತ್ತಿ ತಾಲ್ಲೂಕಿನದು. ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಜಾಗದ ಹೆಸರೇ ನವಿಲುತೀರ್ಥ, ಅಲ್ವಾ? ನವಿಲು ನಮಗೆ ಹೊಸದಲ್ಲ. ಬೆಳಿಗ್ಗೆ ಅದರ ಕೇಕೆ ಕೇಳಿಯೇ ಎಷ್ಟೋ ಜನ ಏಳುತ್ತಾರೆ. ಶೇಂಗಾ ಬಿತ್ತಿದ ಮರುದಿನ ಸಾಲು ಕೆದರಿದ್ದು ನೋಡಿ ಬೈಯುವವರೂ ಇದ್ದಾರೆ. ಒಕ್ಕಲುತನ ತಮ್ಮನದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಊರ ಹೊರಗೆ ನಾಲ್ಕು ಎಕರೆ ಎರೆ ಹೊಲ ಇದೆ. ಅದರ ಪಡುವಣ ಬದುವಿನ ಮೇಲೆ ಜಾಲಿ, ಬಾರಿ, ಲಕ್ಕಿ ಗಿಡ ಒತ್ತಾಗಿ ಬೆಳೆದಿವೆ. ಎತ್ತಿಗೆ ಮೇವಿನ ಹುಲ್ಲು ಬರುವುದೂ ಅಲ್ಲಿಂದಲೇ.

ಹಿಮಾಲಯದ ಮೋನಾಲ್, ಚಳಿ ದೇಶಗಳ ಫೆಸೆಂಟ್ ಹಕ್ಕಿಗಳ ಚಿತ್ರ ಪುಸ್ತಕದಲ್ಲಿ ನೋಡಿರುತ್ತೀರಿ. ನವಿಲು ಅದೇ ಕುಟುಂಬದ್ದು. ಖಾನಾಪುರ ಕಡೆಯ ಭೀಮಗಡದ ಕಾಡುಕೋಳಿ, ನಮ್ಮ ಹೊಲಗಳಲ್ಲಿ ಕೂಗುವ ಗೌಜಲ ಹಕ್ಕಿ ಕೂಡ ಇದರ ನೆಂಟರು. ಇವೆಲ್ಲ ನೆಲದ ಮೇಲೆ ತತ್ತಿ ಇಡುತ್ತವೆ. ಗಿಡದ ಮೇಲೆ ಮಲಗುವ ನವಿಲು ತತ್ತಿಗೆ ಮಾತ್ರ ಯಾಕೆ ನೆಲಕ್ಕೆ ಬರುತ್ತದೆ ಅಂತ ಮಕ್ಕಳು ಕೇಳುತ್ತಾರೆ. ಇವುಗಳ ಮರಿ ಹುಟ್ಟಿದ ದಿನವೇ ನಡೆಯುತ್ತದೆ. ತಿಂಗಳುಗಟ್ಟಲೆ ಕೂತು ಉಣ್ಣುವ ಗೂಡು ಅದಕ್ಕೆ ಬೇಕಿಲ್ಲ. ತತ್ತಿ ಒಡೆಯುವ ತನಕ ಒಂದು ಮರೆ ಸಿಕ್ಕರೆ ಸಾಕು.

ಮೊದಲ ಗೂಡು

ಮೇ ತಿಂಗಳ ಕೊನೆ. ಎರಡು ಅಡ್ಡಮಳೆ ಆಗಿದ್ದವು. ಗಂಡು ನವಿಲುಗಳ ಕುಣಿತ ಜೋರಾಗಿ ನಡೆದಿತ್ತು. ನಮ್ಮ ಭಾಗದಲ್ಲಿ ಏಪ್ರಿಲ್‌ಗೆ ಶುರುವಾಗುವ ಈ ಆಟ ಮುಂಗಾರು ಹಿಡಿದ ಮೇಲೂ ಇರುತ್ತದೆ. ಒಂದೊಂದು ಗಂಡೂ ತನ್ನದೇ ಒಂದು ಜಾಗ ಹಿಡಿದುಕೊಂಡು ಗರಿ ಬಿಚ್ಚುತ್ತದೆ. ಹೆಣ್ಣುಗಳು ಸುಮ್ನೆ ನೆಲ ಕೆದರುತ್ತ, ನೋಡಿಯೂ ನೋಡದ ಹಾಗೆ ಓಡಾಡುತ್ತವೆ. ಆರಿಸುವುದು ಹೆಣ್ಣು. ಗಂಡು ಸುರಿಸಿದ ಕಣ್ಣೀರು ಕುಡಿದು ಹೆಣ್ಣು ಬಸಿರಾಗುತ್ತದೆ ಅಂತ ನಮ್ಮ ಅಜ್ಜಿ ಸಾಯುವ ತನಕ ನಂಬಿದ್ದಳು. ಹಾಗೇನಿಲ್ಲ. ಕೋಳಿಯ ಹಾಗೆಯೇ ಕೂಡುತ್ತವೆ, ಕೆಲವೇ ಕ್ಷಣದ ಮಾತು. ಅಷ್ಟಾದ ಮೇಲೆ ಗಂಡಿನ ಕೆಲಸ ಮುಗಿಯಿತು. ಗೂಡು, ಕಾವು, ಮರಿ ಯಾವುದಕ್ಕೂ ಅದು ತಲೆ ಹಾಕುವುದಿಲ್ಲ.

ಲಕ್ಕಿ ಗಿಡದ ಬುಡದಲ್ಲಿ ನಾಲ್ಕು ತತ್ತಿ ಕಂಡಿದ್ದು ನನಗೆ. ಗೂಡು ಅನ್ನುವಂಥದ್ದೇನೂ ಇರಲಿಲ್ಲ. ನೆಲದಲ್ಲಿ ಬೋಗುಣಿಯಷ್ಟು ಒಂದು ತಗ್ಗು, ಒಳಗೆ ನಾಲ್ಕಾರು ಒಣಎಲೆ. ತತ್ತಿ ಕೋಳಿಯದಕ್ಕಿಂತ ದೊಡ್ಡವು, ಕೆನೆಹಾಲಿನ ಬಣ್ಣ, ಮೈಮೇಲೆ ಸೂಜಿ ಚುಚ್ಚಿದಂಥ ಸಣ್ಣ ಕುಳಿ.

ನನಗೆ ಹುಚ್ಚು ಹಿಡಿಯಿತು ಅನ್ನಿ. ಬೇಸಿಗೆ ರಜೆ ಬೇರೆ. ದಿನಾ ಸಂಜೆ ಹೋಗಿ ನೋಡುವುದು, ಮೊಬೈಲಿನಲ್ಲಿ ಫೋಟೊ ತೆಗೆಯುವುದು. ಹೆಣ್ಣು ಕೂತಿದ್ದರೆ ಎದ್ದು ಓಡುತ್ತಿತ್ತು. ಪಾಪ ಅನಿಸಿದರೂ ಎರಡು ಫೋಟೊ ಜಾಸ್ತಿಯೇ ತೆಗೆದುಕೊಂಡು ಬರುತ್ತಿದ್ದೆ. ಮಕ್ಕಳಿಗೆ ಪಾಠದಲ್ಲಿ ತೋರಿಸಬಹುದು ಅನ್ನುವ ನೆವ ಇತ್ತಲ್ಲ.

ಆರನೆಯ ದಿನ ಹೋದಾಗ ತಗ್ಗು ಖಾಲಿ. ಸುತ್ತ ಚಿಪ್ಪಿನ ಚೂರು ಬಿದ್ದಿದ್ದವು. ಚೂರಿಗೆ ಹಳದಿ ಮೆತ್ತಿ ಒಣಗಿತ್ತು, ಇರುವೆ ಮುತ್ತಿದ್ದವು. ಮುಂಗುಸಿ ಇರಬಹುದು, ಉಡ ಇರಬಹುದು ಅಂತ ನಾನು ಹೇಳುತ್ತಿದ್ದಾಗ ತಮ್ಮ ನೆಲ ತೋರಿಸಿದ. ಹಿಂದಿನ ರಾತ್ರಿಯ ಮಳೆಗೆ ಎರೆ ಮಣ್ಣು ಮೆತ್ತಗಾಗಿತ್ತು. ಅದರಲ್ಲಿ ನಾಯಿಯ ಹೆಜ್ಜೆ ಅಚ್ಚು ಒತ್ತಿದ ಹಾಗೆ ಮೂಡಿದ್ದವು. ನಮ್ಮ ಮನೆಯ ನಾಯಿ ದಿನಾ ಸಂಜೆ ನನ್ನ ಹಿಂದೆಯೇ ಹೊಲಕ್ಕೆ ಬರುತ್ತಿತ್ತು. ನಾನು ನಿಂತ ಜಾಗದಲ್ಲೆಲ್ಲ ಮೂಸುತ್ತಿತ್ತು. ಬದುವಿನಿಂದ ಲಕ್ಕಿ ಗಿಡದ ತನಕ ನಾನು ತುಳಿದ ಹುಲ್ಲು ಮಲಗಿ ಚೆಂದದ ಕಾಲುದಾರಿ ಆಗಿತ್ತು. ನಮ್ಮ ನಾಯಿಯೇ ತಿಂದಿದೆ ಅಂತ ಆಣೆ ಮಾಡಿ ಹೇಳಲಾರೆ. ಆದರೆ ದಾರಿ ಮಾಡಿಕೊಟ್ಟವಳು ನಾನು.

"ಅಕ್ಕಾ, ಇನ್ನ ಮ್ಯಾಲೆ ಏನರ ಸಿಕ್ಕರ ನಿನಗ ಹೇಳೂದಿಲ್ಲ ನೋಡು" ಅಂದ ತಮ್ಮ. ತಮಾಷೆಗೆ ಅಂದಿದ್ದಲ್ಲ.

ಎರಡನೆಯದು

ಹೇಳಿದ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಹೆಸರಿಗೆ ಮೊದಲನೆಯ ಎಡಿ ಹೊಡೆಯುತ್ತಿದ್ದ, ಅಂದರೆ ಸಾಲುಗಳ ನಡುವೆ ಎತ್ತಿನ ಕುಂಟೆ ಹಾಯಿಸಿ ಕಸ ತೆಗೆಯುತ್ತಿದ್ದ. ಮಿರಗದ ಮಳೆಗೆ ಬಿತ್ತಿದ ಹೆಸರು ಗೇಣುದ್ದ ಬಂದಿತ್ತು. ಪಡುವಣ ಬದುವಿನ ಪಕ್ಕ ಎತ್ತು ತಿರುಗಿಸುವಾಗ ಬಾರಿ ಗಿಡದ ಕೆಳಗಿನ ಹುಲ್ಲಿನಿಂದ ಹೆಣ್ಣು ನವಿಲು ಬರ್ರನೆ ಎದ್ದು ಹೋಯಿತು. ಹಳೆಯ ಜಾಗದಿಂದ ಎಂಬತ್ತು ಹೆಜ್ಜೆ ದೂರ. ಒಳಗೆ ಮೂರು ತತ್ತಿ.

ಅದೇ ಹೆಣ್ಣೋ ಬೇರೆಯದೋ ಹೇಳುವುದು ಕಷ್ಟ. ಹೆಣ್ಣು ನವಿಲುಗಳೆಲ್ಲ ನಮ್ಮ ಕಣ್ಣಿಗೆ ಒಂದೇ. ಮೊದಲ ತತ್ತಿಗಳು ಹಾಳಾದರೆ ಹೆಣ್ಣು ಅದೇ ಹಂಗಾಮಿನಲ್ಲಿ ಮತ್ತೊಮ್ಮೆ ಇಡುವುದು ಇದೆ. ಐದು ವಾರದ ಅಂತರ ಅದಕ್ಕೆ ಹೊಂದುತ್ತದೆ. ಅಷ್ಟರ ಮೇಲೆ ನಾನು ಎಳೆಯುವುದಿಲ್ಲ.

ಅವತ್ತು ಸಂಜೆ ಕಟ್ಟೆಯ ಮೇಲೆ ಪಂಚಾಯ್ತಿ ನಡೆಯಿತು. ಕಾಕಾ ಮೊದಲೇ ಶುರು ಮಾಡಿದರು.

"ಆ ತತ್ತಿ ತಂದು ಕಾವಿಗೆ ಕುಂತ ಕೋಳಿ ಬುಡಕ ಇಡ್ರಿ. ನಾಯಿ ತಿನ್ನೂದಕ್ಕಿಂತ ಛಲೋ ಅಲ್ಲೇನು?"

ನಮ್ಮ ಕಡೆ ಇದು ಎಲ್ಲರ ತಲೆಗೂ ಬರುವ ಮೊದಲ ಉಪಾಯ. ಹೊರಗಿನಿಂದ ನೋಡಿದರೆ ಕರುಣೆಯೇ. ಕಾಕಾ ಹುಡುಗರಿದ್ದಾಗ ಹೀಗೆ ಮಾಡಿದ್ದರಂತೆ. ಐದು ತತ್ತಿ ಇಟ್ಟಿದ್ದರು. ಎರಡು ಒಡೆದವು. ಒಂದು ಮರುದಿನ ಸತ್ತಿತು, ಇನ್ನೊಂದು ತಿಂಗಳು ಬದುಕಿತು. ಉಳಿದ ಮೂರು ಯಾಕೆ ಒಡೆಯಲಿಲ್ಲ ಅಂತ ಕೇಳಿದೆ. "ಕೋಳಿ ತನ್ನ ಮರಿ ಕಟಗೊಂಡು ಎದ್ದು ಹೋತು" ಅಂದರು.

ಇಡೀ ವಿಷಯ ಆ ಮಾತಿನಲ್ಲಿದೆ. ಕೋಳಿಯ ಕಾವು 21 ದಿನ. ನವಿಲಿನ ಕಾವು 28 ದಿನ, ಒಂದೆರಡು ದಿನ ಹೆಚ್ಚೂ ಆಗಬಹುದು. ಕೋಳಿಯ ಸ್ವಂತ ತತ್ತಿಗಳ ಜೊತೆ ನವಿಲಿನದನ್ನು ಇಟ್ಟರೆ, ಅದರ ಮರಿ ಮೊದಲೇ ಎದ್ದು ಚಿಂವ್ ಅನ್ನುತ್ತವೆ. ಅದು ಅವುಗಳನ್ನು ಕರೆದುಕೊಂಡು ತಿಪ್ಪೆಗೆ ಹೊರಡುತ್ತದೆ. ನವಿಲಿನ ತತ್ತಿಗೆ ಇನ್ನೂ ಒಂದು ವಾರದ ಕಾವು ಬೇಕು, ಅದು ಸಿಗದೆ ಮರಿ ಒಳಗೇ ಸಾಯುತ್ತದೆ. ಬರೀ ನವಿಲಿನ ತತ್ತಿಯನ್ನೇ ಇಟ್ಟು ಎಲ್ಲ ಸರಿಹೋಯಿತು ಅಂತಲೇ ಇಟ್ಟುಕೊಳ್ಳಿ. ಎದ್ದ ಮರಿಗೆ ಗಿಡ ಹತ್ತಿ ಮಲಗುವುದನ್ನು ಕೋಳಿ ಕಲಿಸುವುದಿಲ್ಲ. ನವಿಲಿನ ಮರಿ ಮೊದಮೊದಲು ತಾಯಿಯ ಕೊಕ್ಕಿನಿಂದ ಹುಳ ಇಸಿದುಕೊಂಡು ತಿನ್ನುತ್ತದೆ. ಅಂಗಳದಲ್ಲಿ ನುಚ್ಚು ಚೆಲ್ಲಿದರೆ ಅದು ನೋಡುತ್ತಾ ನಿಲ್ಲುತ್ತದೆ, ಅಷ್ಟೇ.

ಕಾಯ್ದೆಯ ಮಾತೂ ಬಂತು. 1963ರಿಂದ ನವಿಲು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಕಾಡುಹಕ್ಕಿಯ ತತ್ತಿ ಕೆಡಿಸುವುದು, ಗೂಡಿಗೆ ಕೈ ಹಾಕುವುದು ಆ ಕಾಯ್ದೆಯಲ್ಲಿ ಬೇಟೆ ಅಂತಲೇ ಲೆಕ್ಕ. ಒಳ್ಳೆಯ ಮನಸ್ಸಿನಿಂದ ತಂದೆ ಅಂದರೆ ಯಾರು ಕೇಳುತ್ತಾರೆ? ಕಾಕಾ ಇದಕ್ಕೆ ಒಪ್ಪಲಿಲ್ಲ. "ನಮ್ಮ ಶೇಂಗಾ ತಿಂದರ ಕಾಯ್ದೆ ಎಲ್ಲಿ ಹೊಕ್ಕೈತಿ?" ಅಂದರು. ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅವರ ಸಿಟ್ಟು ಸುಳ್ಳಲ್ಲ.

ತಮ್ಮನ ಚಿಂತೆಯೇ ಬೇರೆ. ಅವನಿಗೆ ದಿನ ಬೇಕಿತ್ತು. ಎಷ್ಟು ದಿನ ಆ ಮೂಲೆ ಬಿಡಬೇಕು? ಎರಡನೆಯ ಎಡಿ ಯಾವಾಗ? ಹೂ ಬಿಟ್ಟ ಮೇಲೆ ಔಷಧ ಹೊಡೆಯುವುದು ಹೇಗೆ? "ಹಕ್ಕಿ ಉಳಿಸೂಣು ಅಕ್ಕಾ, ಆದರ ತಾರೀಖು ಹೇಳು" ಅಂದ.

ತಾರೀಖು ಹೇಗೆ ಸಿಕ್ಕಿತು

ಇಲ್ಲಿ ನಾನು ಮೊದಲು ತಪ್ಪಿದೆ. ತತ್ತಿ ಕಂಡ ದಿನದಿಂದ 28 ಎಣಿಸಿದೆ. ಅದು ಸರಿಯಲ್ಲ.

ನವಿಲು ದಿನಕ್ಕೊಂದು ತತ್ತಿ ಇಡುವುದಿಲ್ಲ, ಸಾಮಾನ್ಯವಾಗಿ ದಿನ ಬಿಟ್ಟು ದಿನ ಇಡುತ್ತದೆ. ಒಟ್ಟು ನಾಲ್ಕರಿಂದ ಆರು ಇಡುವುದು ವಾಡಿಕೆ, ಒಮ್ಮೊಮ್ಮೆ ಮೂರು, ಒಮ್ಮೊಮ್ಮೆ ಎಂಟು. ಪೂರ್ತಿ ಆಗುವ ತನಕ ಅದು ಗಟ್ಟಿಯಾಗಿ ಕಾವಿಗೆ ಕೂರುವುದಿಲ್ಲ. ಬಂದು ಇಟ್ಟು ಹೋಗುತ್ತದೆ. ಕಾವು ಇಲ್ಲದೆ ಒಳಗಿನ ಮರಿ ಬೆಳೆಯುವುದಿಲ್ಲ. ಹಾಗಾಗಿ ಮೊದಲು ಇಟ್ಟ ತತ್ತಿಯೂ ಕೊನೆಗೆ ಇಟ್ಟದ್ದೂ ಒಂದೇ ದಿನ ಓಟ ಶುರು ಮಾಡುತ್ತವೆ, ಹೆಚ್ಚೂಕಡಿಮೆ ಒಂದೇ ದಿನ ಒಡೆಯುತ್ತವೆ. ಎಂಥ ಲೆಕ್ಕಾಚಾರ ನೋಡಿ. ಒಂದೊಂದು ಮರಿ ಒಂದೊಂದು ದಿನ ಎದ್ದಿದ್ದರೆ ತಾಯಿ ಎದ್ದವನ್ನು ಮೇಯಿಸಬೇಕೋ, ಏಳದವನ್ನು ಕಾಯಬೇಕೋ?

ಅಂದರೆ ಎಣಿಕೆ ಕೊನೆಯ ತತ್ತಿಯಿಂದ ಶುರುವಾಗಬೇಕು. ಅದು ತಿಳಿಯಬೇಕಾದರೆ ಮತ್ತೆ ನೋಡಲೇಬೇಕು. ನಾನು ಹೋಗುವುದು ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ತಮ್ಮ ಒಂದು ದಾರಿ ಕಂಡುಕೊಂಡ. ಹೆಣ್ಣು ದಿನದಲ್ಲಿ ಒಮ್ಮೆ ಮೇಯಲು, ನೀರಿಗೆ ಏಳುತ್ತಿತ್ತು. ಆ ಹೊತ್ತಿನಲ್ಲಿ ಎತ್ತು ಹೊಡೆದುಕೊಂಡು ಬದುವಿನ ಪಕ್ಕ ಹಾದು ಹೋಗುವಾಗ ನಿಲ್ಲದೆ ಕಣ್ಣು ಹಾಯಿಸುವುದು. ಎರಡು ಸಲ ಹೀಗೆ ನೋಡಿದ. ಅಮಾವಾಸ್ಯೆ ಕಳೆದು ಐದನೆಯ ದಿನ ಐದು ತತ್ತಿ ಇದ್ದವು. ಏಳನೆಯ ದಿನಕ್ಕೂ ಐದೇ, ಅದರಲ್ಲೂ ಆಗ ಹೆಣ್ಣು ಜಾಸ್ತಿ ಹೊತ್ತು ಹೊರಗಿರಲಿಲ್ಲ. ಐದನೆಯ ದಿನದ ಮೇಲೆ 28 ಕೂಡಿಸಿದೆವು. ಶ್ರಾವಣದ ನಾಗಚೌತಿ ಆಸುಪಾಸು ಬಂತು. ಎರಡು ದಿನ ಮುಂದೂ ಹೋಗಬಹುದು.

"ನಾಗಪ್ಪನ ಹಬ್ಬಕ್ಕ ಹಾವು ತಿನ್ನೂದು ಹುಟ್ಟತೈತಿ ಅನ್ನು!" ಅಂತ ಕಾಕಾ ನಕ್ಕರು.

ತೀರ್ಮಾನಗಳು ದೊಡ್ಡವೇನಲ್ಲ. ನಾಯಿಯನ್ನು ಕಟ್ಟುವುದು. ಬಾರಿ ಗಿಡದ ಎರಡೂ ಕಡೆ ಹತ್ತು ಹೆಜ್ಜೆಯಷ್ಟು ಬದುವಿನ ಹುಲ್ಲಿಗೆ ಕುಡಗೋಲು ಹಾಕದಿರುವುದು. ಅದಕ್ಕೆ ತಾಗಿದ ನಾಲ್ಕು ಸಾಲು ಹೆಸರಿಗೆ ಎಡಿ ಇಲ್ಲ, ಔಷಧವೂ ಇಲ್ಲ. ಔಷಧದ ಬಗ್ಗೆ ತಮ್ಮ ಗೊಣಗಿದ. ಅದಕ್ಕೊಂದು ಕಾರಣ ಕೊಟ್ಟೆ: ಮರಿ ಎದ್ದ ಮೊದಲ ವಾರಗಳಲ್ಲಿ ಅದಕ್ಕೆ ಹುಳವೇ ಊಟ, ಕಾಳು ಆಮೇಲೆ. ಹುಳ ಕೊಲ್ಲಲು ಹೊಡೆದ ಔಷಧ ಮರಿಯ ಹೊಟ್ಟೆಗೂ ಹೋಗುತ್ತದೆ. ಅರ್ಧ ಮನಸ್ಸಿನಿಂದ ಒಪ್ಪಿದ. ಗೂಡಿನ ಸುತ್ತ ಮುಳ್ಳಿನ ಬೇಲಿ ಹಾಕೋಣ ಅಂತಲೂ ಮಾತು ಬಂತು. ಬೇಡ ಅಂದೆ. ಹೊಸ ಬೇಲಿ ಎದ್ದರೆ ಹೆಣ್ಣು ಅಂಜಿ ಬಿಟ್ಟು ಹೋದೀತು. ಬಿಡದಿದ್ದರೂ ಇಲ್ಲೇನೋ ಇದೆ ಅಂತ ಊರಿನ ಹುಡುಗರಿಗೆಲ್ಲ ಸಾರಿದ ಹಾಗೆ.

ಕಾವಿನ ದಿನಗಳು

ಈ ನಾಲ್ಕು ವಾರದ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಅದೇ ಒಳ್ಳೆಯ ಸುದ್ದಿ. ಹೊಲದ ಗುಡಿಸಲಿನಿಂದ ಹಳೆಯ ದುರ್ಬೀನು ಹಿಡಿದು ನೋಡುತ್ತಿದ್ದೆ. ಹತ್ತರಲ್ಲಿ ಎಂಟು ದಿನ ಹುಲ್ಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಹೆಣ್ಣಿಗೆ ಉದ್ದ ಗರಿಯಿಲ್ಲ, ಮೈ ಒಣಹುಲ್ಲಿನ ಕಂದು. ತಲೆಯ ಜುಟ್ಟು, ಕತ್ತಿನ ಹಸಿರು ಬಿಟ್ಟರೆ ಮಣ್ಣಿನ ಹೆಂಟೆಯ ಹಾಗೆ ಕೂತಿರುತ್ತದೆ. ಗಂಡು ಇಂಥ ಕಡೆ ಕೂತಿದ್ದರೆ ಊರಿಗೆಲ್ಲ ಕಾಣುತ್ತಿತ್ತು. ಗಂಡಿಗೆ ಕಾವಿನ ಕೆಲಸ ಕೊಡದೇ ಇದ್ದದ್ದು ಸರಿಯೇ ಇದೆ.

ಪುನರ್ವಸು ಮಳೆ ಮೂರು ದಿನ ಬಿಡದೆ ಹಿಡಿಯಿತು. ಎರೆ ಹೊಲ ಕೆಸರಾಗಿ, ಸಾಲಿನಲ್ಲಿ ನೀರು ನಿಂತಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಬಿಡುವು ಕೊಟ್ಟಾಗ ದುರ್ಬೀನಿನಲ್ಲಿ ನೋಡಿದರೆ ಜುಟ್ಟು ಕಂಡಿತು, ಕೂತೇ ಇತ್ತು. ಬದು ಹೊಲಕ್ಕಿಂತ ಮೊಳಕಾಲೆತ್ತರ ಮೇಲಿದ್ದದ್ದು ಉಳಿಸಿತು. ಸಾಲಿನಲ್ಲಿ ಇಟ್ಟಿದ್ದರೆ ತತ್ತಿ ತೇಲುತ್ತಿದ್ದವು.

ಎರಡನೆಯ ಎಡಿ ಕಾವಿನ ನಡುಭಾಗಕ್ಕೆ ಬಂತು. ತಮ್ಮ ಐದನೆಯ ಸಾಲಿನಿಂದ ಶುರು ಮಾಡಿದ. ಎತ್ತು, ಕುಂಟೆ, ಕೊರಳ ಗಂಟೆ ಸದ್ದು ಇಷ್ಟಾದರೂ ಹೆಣ್ಣು ಏಳಲಿಲ್ಲ. ಕಸ ತೆಗೆಯುವ ಹೆಣ್ಣಾಳುಗಳು ಬದುವಿನ ಮೇಲೆ ಬುತ್ತಿ ಬಿಚ್ಚಲು ಹೊರಟಾಗ ಮಾತ್ರ ತಲೆ ಎತ್ತಿತು. ಅವರನ್ನು ಬೇವಿನ ಗಿಡದ ಕಡೆಗೆ ಕಳಿಸಿದೆವು. ಹಾದು ಹೋಗುವುದಕ್ಕೆ ಅದು ಅಂಜಲಿಲ್ಲ, ನಿಲ್ಲುವುದಕ್ಕೆ ಅಂಜಿತು. ನಾನು ಮೇ ತಿಂಗಳಲ್ಲಿ ದಿನಾ ಮಾಡಿದ್ದು ನಿಲ್ಲುವುದನ್ನೇ. ಕಾವು ಮಾಗಿದ ಹಾಗೆಲ್ಲ ಹೆಣ್ಣು ಇನ್ನೂ ಬಿಗಿಯಾಗಿ ಕೂರುತ್ತದೆ. ಕೊನೆಯ ವಾರದಲ್ಲಿ ಎಡಿ ಬಿದ್ದಿದ್ದರೆ ಕುಂಟೆ ಹತ್ತಿರ ಬಂದರೂ ಏಳದೆ ಕೂತು ಏಟು ತಿನ್ನುತ್ತಿತ್ತೋ ಏನೋ.

ಎದ್ದ ದಿನ

ನಾಗಚೌತಿಯ ಬೆಳಿಗ್ಗೆ. ಅವ್ವ, ಚಿಗವ್ವ ನಾಗಪ್ಪನಿಗೆ ಹಾಲೆರೆಯುವ ಗಡಿಬಿಡಿಯಲ್ಲಿದ್ದರು. ಹುಡುಗರು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟುತ್ತಿದ್ದರು. ತಮ್ಮ ಹೊಲದಿಂದ ಫೋನ್ ಮಾಡಿ "ಬಾ, ಆದರ ಗುಡಿಸಲ ದಾಟಿ ಬರಬ್ಯಾಡ" ಅಂದ.

ಹೆಣ್ಣು ಎಡಿ ಹೊಡೆಯದ ಸಾಲಿನಲ್ಲಿ ನಿಧಾನ ನಡೆಯುತ್ತಿತ್ತು. ಹಿಂದೆ ಹೆಸರಿನ ಎಲೆ ಅಲುಗುತ್ತಿದ್ದವು. ಸಾಲಿನ ಸಂದಿ ದಾಟುವಾಗ ಎಣಿಸಿದೆವು, ನಾಲ್ಕು. ಕಡ್ಡಿಪುಡಿ ಬಣ್ಣದ ಉಂಡೆಗಳು. ತಾಯಿ ಏನೋ ಹೆಕ್ಕಿ ಕೊಕ್ಕಿನಲ್ಲೇ ಹಿಡಿದು ತಲೆ ಬಗ್ಗಿಸುತ್ತಿತ್ತು, ಒಂದು ಮರಿ ಓಡಿ ಬಂದು ಕಿತ್ತುಕೊಳ್ಳುತ್ತಿತ್ತು. ಮೊದಲ ಒಂದೆರಡು ದಿನ ಮರಿ ಏನೂ ತಿನ್ನದಿದ್ದರೂ ನಡೆಯುತ್ತದೆ, ತತ್ತಿಯ ಹಳದಿಯ ಉಳಿಕೆ ಅದರ ಹೊಟ್ಟೆಯೊಳಗೆ ಬುತ್ತಿ ಇದ್ದ ಹಾಗೆ. ಆದರೂ ಇವು ಬಿಡುತ್ತಿರಲಿಲ್ಲ.

ಅವು ಕಣ್ಮರೆಯಾಗಿ ಎಷ್ಟೋ ಹೊತ್ತಾದ ಮೇಲೆ ಗೂಡಿನ ಹತ್ತಿರ ಹೋದೆ. ಒಡೆಯದ ತತ್ತಿ ಒಂದು ಉಳಿದಿತ್ತು. ನಾಲ್ಕು ಚಿಪ್ಪು ಇದ್ದವು. ಒಂದೊಂದರ ದಪ್ಪ ತುದಿಯೂ ಡಬ್ಬಿಯ ಮುಚ್ಚಳ ಬಿಚ್ಚಿದ ಹಾಗೆ ಸುತ್ತಲೂ ಸೀಳಿತ್ತು. ಒಳಗಿನ ಪೊರೆ ಒಣಗಿ ಕಾಗದದಂತಾಗಿತ್ತು, ಹಳದಿಯ ಕಲೆ ಇಲ್ಲ. ಮೇ ತಿಂಗಳ ಚೂರುಗಳ ಫೋಟೊ ಮೊಬೈಲಿನಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ತಿಳಿಯುತ್ತದೆ, ಯಾವುದು ಒಳಗಿನಿಂದ ಒಡೆದದ್ದು, ಯಾವುದು ಹೊರಗಿನಿಂದ. ಈಗ ತರಗತಿಯಲ್ಲಿ ಅವೆರಡನ್ನೂ ತೋರಿಸುತ್ತೇನೆ. ಮೊದಲನೆಯದು ಹೇಗೆ ಬಂತು ಅನ್ನುವುದನ್ನೂ ಹೇಳುತ್ತೇನೆ. ಒಡೆಯದ ತತ್ತಿಯನ್ನು ಅಲ್ಲೇ ಬಿಟ್ಟು ಬಂದೆ. ಮರುದಿನ ಇರಲಿಲ್ಲ.

ಒಂದು ವಾರಕ್ಕೆ ಮೂರು ಮರಿ ಆಗಿದ್ದವು. ರೆಕ್ಕೆಯ ಗರಿ ಹುಟ್ಟುವಾಗಲೇ ಮೂಡಿರುತ್ತವೆ, ಹಾಗಾಗಿ ಅಷ್ಟರಲ್ಲೇ ಬದುವಿನ ಮೇಲಿಂದ ಪಟಪಟ ಹಾರಿ ಇಳಿಯುತ್ತಿದ್ದವು. ಎರಡು ವಾರ ಕಳೆದ ಮೇಲೆ ಸಂಜೆ ತಾಯಿಯ ಹಿಂದೆ ಜಾಲಿಯ ತಗ್ಗು ಟೊಂಗೆಗೆ ಏರುವುದು ಕಂಡೆವು. ತಾಯಿಯ ರೆಕ್ಕೆಯ ಕೆಳಗೆ ಎರಡೂ ಕಡೆಗೆ ತೂರಿಕೊಂಡು ಮಲಗುತ್ತಿದ್ದವು. ಗಣೇಶ ಚೌತಿಗೆ ಎರಡೇ ಉಳಿದಿದ್ದವು. ಹೋದ ಎರಡು ಎಲ್ಲಿ ಹೋದವು ತಿಳಿಯಲಿಲ್ಲ. ಐದು ತತ್ತಿಗೆ ಎರಡು ಮರಿ. ಕಡಿಮೆ ಅನಿಸಬಹುದು. ನೆಲದ ಮೇಲೆ ಹುಟ್ಟುವ ಹಕ್ಕಿಗೆ ಅದು ಕೆಟ್ಟ ವರ್ಷವೇನಲ್ಲ.

ಅಷ್ಟೊತ್ತಿಗೆ ಗಂಡುಗಳ ಗರಿ ಉದುರತೊಡಗಿತ್ತು. ಹಂಗಾಮು ಮುಗಿದ ಮೇಲೆ ಆ ಉದ್ದ ಗರಿಗಳನ್ನೆಲ್ಲ ಕಳಚಿ ಬೋಳಾಗಿ ಓಡಾಡುತ್ತವೆ, ಮುಂದಿನ ಬೇಸಿಗೆಯ ಹೊತ್ತಿಗೆ ಹೊಸದು ಬಂದಿರುತ್ತದೆ. ಹುಡುಗರು ಬದುವಿನಲ್ಲಿ ಹೆಕ್ಕಿ ತಂದು ಪುಸ್ತಕದಲ್ಲಿ ಇಟ್ಟುಕೊಂಡರು, ಗರಿ ಮರಿ ಹಾಕುತ್ತದೆ ಅಂತ. ನಾನೂ ಅವರ ವಯಸ್ಸಿನಲ್ಲಿ ಪೆನ್ಸಿಲ್ ಹೆರೆದ ಪುಡಿ ಹಾಕಿ ಕಾದವಳೇ.

ಲೆಕ್ಕ ಹೇಳಬೇಕಲ್ಲ. ಬಿಟ್ಟ ನಾಲ್ಕು ಸಾಲಿನ ತುಂಡಿನಲ್ಲಿ ಕಸ ಎದ್ದು ಹೆಸರು ಸೊರಗಿತು. ಕಾಯಿ ಬಂದಷ್ಟನ್ನು ಬೇರೆ ನವಿಲುಗಳೇ ಕುಕ್ಕಿದವು. ತಮ್ಮನ ಪ್ರಕಾರ ನಷ್ಟ ಎರಡು ಸೇರು ಹೆಸರು, ಕಾಕಾ ಪ್ರಕಾರ ಐದು.

ಈ ವರ್ಷವೂ ಅಡ್ಡಮಳೆ ಆದ ಮೇಲೆ ತಮ್ಮ ಆ ಬಾರಿ ಗಿಡದ ಸುತ್ತ ಕುಡಗೋಲು ಹಾಕಿಲ್ಲ. ನಾಯಿಯನ್ನೂ ಕಟ್ಟಿದ್ದೇವೆ. ಆದರೆ ಹೆಣ್ಣು ಅಲ್ಲಿಗೆ ಬಂದಿಲ್ಲ. ನಾಲ್ಕು ಹೊಲ ಆಚೆ, ಯಾರದೋ ಕಬ್ಬಿನ ಬದುವಿನಲ್ಲಿ ಕೂತಿದೆ ಅಂತ ಕಾಕಾ ಮೊನ್ನೆ ಚಹಾ ಕುಡಿಯುತ್ತ ಹೇಳಿದರು. ಎಲ್ಲಿ ಅಂತ ನಾನು ಕೇಳಲಿಲ್ಲ.